ಗೋಡೆ ಮುಟ್ಟಿ ನೋಡುತ್ತಿದ್ದ ದೇವೀರಪ್ಪನವರು

ಕಡೂರಿನ ದೇವೀರಪ್ಪನವರು ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ವಿಚಾರಿಸಿಕೊಳ್ಳುತ್ತಿದ್ದರು, ಮನುಷ್ಯರನ್ನು ಆಮೇಲೆ. ಹೊಸಿಲು ದಾಟಿದವರೇ ಬಲಗೈಯನ್ನು ಮಗುಚಿ, ಜ್ವರ ಬಂದ ಕೂಸಿನ ಹಣೆ ನೋಡುವ ಹೆಂಗಸರಂತೆ ಅದರ ಹಿಂಬದಿಯನ್ನು ಪಡುವಣ ಗೋಡೆಗೆ ಒತ್ತಿ, ಕಣ್ಣು ಅರೆಮುಚ್ಚಿ, ಕ್ಷಣಕಾಲ ನಿಂತುಬಿಡುವರು. ಎದುರಿಗೆ ಮನೆಯ ಯಜಮಾನ ಕೈಮುಗಿದು ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಿದ್ದರೆ ಅವನ ಪಾಡು ಅವನಿಗೆ. ಆಮೇಲೆ ತೀರ್ಪು ಬರುವುದು: “ಜ್ವರ ಐತೆ.” ಮದುವೆಮನೆ, ನಾಮಕರಣದ ಮನೆ, ಸಾವಿನ ಮನೆ ಎಂಬ ಭೇದ ಈ ಪರೀಕ್ಷೆಗಿರಲಿಲ್ಲ. ಜವಳಿ ಅಂಗಡಿ ರಂಗಪ್ಪನ ತಂದೆ ತೀರಿಕೊಂಡಾಗ, ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ ಗೋಡೆ ಮುಟ್ಟಿ ನೋಡಿ, “ಮುದುಕಪ್ಪನ್ನ ಇಷ್ಟು ದಿನ ಈ ಕಾವಲಿ ಪಕ್ಕ ಮಲಗ್ಸಿದ್ರೇನಯ್ಯಾ?” ಎಂದು ಕೇಳಿ, ಅಳುತ್ತಿದ್ದವರೆಲ್ಲ ಒಂದು ಗಳಿಗೆ ಅಳು ನಿಲ್ಲಿಸಿ ದುರುಗುಟ್ಟಿ ನೋಡುವಂತೆ ಮಾಡಿದ ಮಹಾನುಭಾವರು ಅವರು.

ಎಪ್ಪತ್ತಾರನೆಯ ಇಸವಿಯಲ್ಲಿ ನಾನು ಹೈಸ್ಕೂಲು ಮೇಷ್ಟ್ರಾಗಿ ಹೆಂಡತಿಯೊಡನೆ ಕಡೂರಿಗೆ ಬಂದು, ಅವರ ಮನೆಯ ಹಿತ್ತಿಲ ಕಡೆಯ ಮಣ್ಣಿನ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಕೋಣೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆ ವಿಷಯದಲ್ಲಿ ದೂರಿಲ್ಲ. ಆದರೆ ನೆಮ್ಮದಿ ಎಂಬ ಪದಾರ್ಥ ಮಾತ್ರ ಆ ಬಾಡಿಗೆಯಲ್ಲಿ ಸೇರಿರಲಿಲ್ಲ. ಮನೆಯ ಯಜಮಾನರೇ ಚಡಪಡಿಕೆಯ ಮೂರ್ತಿಯಾಗಿರುವಾಗ ಬಾಡಿಗೆಗಿರುವವನು ಕಾಲು ಚಾಚಿ ಮಲಗುವುದುಂಟೆ? ಕೃಶವಾದ, ಬಿಸಿಲಿಗೆ ಒಣಗಿಸಿ ತೆಗೆದಂಥ ಶರೀರ. ಬೆಳಗಿನ ಪೂಜೆಯಲ್ಲಿ ಧರಿಸಿದ ವಿಭೂತಿ ಹತ್ತು ಗಂಟೆಯೊಳಗೆ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿರುತ್ತಿತ್ತು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಹೋಗುವವರಂತೆ ಹಿಮ್ಮಡಿ ಊರದ ನಡಿಗೆ. ಯಾರ ಮನೆಯಲ್ಲೂ ಕೂತು ಮಜ್ಜಿಗೆ ಕುಡಿದದ್ದನ್ನು ಕಂಡವರಿಲ್ಲ. ಲೋಟವನ್ನು ನಿಂತೇ ಎತ್ತಿ ಗಟಗಟ ಮುಗಿಸಿ ಮುಂದಿನ ಗೋಡೆಗೆ ಹೊರಟುಬಿಡುವರು.

ಇನ್ನು ಆ ಕೋಟು! ಊರನ್ನೆಲ್ಲ ತಂಪು ಮಾಡಲು ಹೊರಟ ಈ ಮನುಷ್ಯ ಏಪ್ರಿಲ್ ತಿಂಗಳ ಧಗೆಯಲ್ಲೂ ದಪ್ಪ ಖಾಕಿ ಕೋಟನ್ನು ಬಿಚ್ಚುತ್ತಿರಲಿಲ್ಲ. ಅದರ ನಾಲ್ಕು ಜೇಬುಗಳಲ್ಲಿ ತಗಡು ಕತ್ತರಿ, ಸ್ಕ್ರೂಡ್ರೈವರ್, ದಬ್ಬಳ, ಹುರಿಯುಂಡೆ, ಜೊತೆಗೆ ಯಾವಾಗಲೂ ಒಂದು ಹಿಡಿ ಲಾವಂಚದ ಬೇರು. ಅವರು ಬೀದಿಯ ಮೂಲೆ ತಿರುಗುವ ಮೊದಲೇ ಮಳೆ ಬಿದ್ದ ಮಣ್ಣಿನಂಥ ಆ ವಾಸನೆ ಬಂದು ಹೇಳಿಬಿಡುತ್ತಿತ್ತು; ಕೆಲವರು ಅಷ್ಟರಲ್ಲಿ ಬಾಗಿಲು ಹಾಕಿಕೊಳ್ಳುವುದೂ ಇತ್ತೆನ್ನಿ.

ಶಿವರಾತ್ರಿಯ ಜಾಗರಣೆ ಮುಗಿದ ಬೆಳಿಗ್ಗೆ ಊರೆಲ್ಲ ತೂಕಡಿಸುತ್ತಿದ್ದರೆ ಇವರು ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದರು. “ಬಂತು ಕಣ್ರೀ ಮೇಷ್ಟ್ರೇ, ಬಂತು!” ಬಂದದ್ದು ದಂಡಲ್ಲ, ದರೋಡೆಕೋರರಲ್ಲ, ಬೇಸಿಗೆ. ಅದೂ ಬಂದಿಲ್ಲ, ಇನ್ನೂ ತಿಂಗಳಿದೆ. ಅಂದಿನಿಂದ ಅವರ ದಂಡಯಾತ್ರೆ ಶುರು. ಲಾವಂಚಕ್ಕೆ ಲಿಂಗದಹಳ್ಳಿ, ತಗಡಿಗೆ ತರೀಕೆರೆ, ತೆಂಗಿನ ನಾರಿಗೆ ಪಂಚನಹಳ್ಳಿ. ಅಜ್ಜಂಪುರದಲ್ಲಿ ಮುಚ್ಚಿಹೋದ ಟೆಂಟು ಸಿನಿಮಾದವರ ಹತ್ತಿರ ಜಗಳವಾಡಿ ತಂದ ಹಳೆಯ ಫ್ಯಾನುಗಳು. ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಫ್ಯಾನ್ ರಿಪೇರಿ ಅಂಗಡಿಯಿತ್ತು. ಅಲ್ಲಿ ಲಾವಂಚದ ಬೇರನ್ನು ತೊಳೆದು, ಬಿದಿರು ದಬ್ಬೆಗಳ ನಡುವೆ ಹರಡಿ ಹೊಲಿದು ತಟ್ಟಿ ಮಾಡುವುದು. ತಗಡಿನ ಪೆಟ್ಟಿಗೆಗೆ ಮೂರು ಕಡೆ ಆ ತಟ್ಟಿ ಕೂರಿಸಿ, ಮೇಲಿನಿಂದ ತೂತಿನ ಕೊಳವೆಯಲ್ಲಿ ನೀರು ತೊಟ್ಟಿಕ್ಕುವಂತೆ ಮಾಡಿ, ಒಳಗೊಂದು ಫ್ಯಾನು ಇಟ್ಟು ಕಿಟಕಿಗೆ ಕಟ್ಟುವುದು. ಅದನ್ನು ಅವರು ಕೂಲರ್ ಎನ್ನುತ್ತಿದ್ದರು, ಊರು ದೇವೀರಪ್ಪನ ಡಬ್ಬ ಎನ್ನುತ್ತಿತ್ತು. ಡಬ್ಬ ಕೊಳ್ಳಲಾರದವರಿಗೆ ಕೇಳದೆಯೇ ಬೇರೆ ಸೇವೆ: ಸೂರಿಗೆ ಸುಣ್ಣ ಬಳಿ, ಕಿಟಕಿಗೆ ಗೋಣಿತಾಟು ನೆನೆಸಿ ಕಟ್ಟು, ಪಡುವಣಕ್ಕೆ ಸೋಗೆ ಇಳಿಬಿಡು. ಮಾಡದಿದ್ದರೆ ತಾವೇ ಏಣಿ ತಂದು ಹತ್ತುವರು.

ಗಾಳಿಯ ವಿಷಯದಲ್ಲಿ ಅವರದೇ ಒಂದು ಶಾಸ್ತ್ರವಿತ್ತು. ಬಯಲುಸೀಮೆಯ ಯಗಟಿಯ ಕಡೆಯಿಂದ ಬೀಸುವುದು ಬಾಯಾರಿದ ಗಾಳಿ. ಅದರ ದಾರಿಗೆ ಒದ್ದೆ ತಟ್ಟಿ ಹಿಡಿದರೆ ನೀರು ಕುಡಿದು ತಣ್ಣಗಾಗುತ್ತದೆ. ಬೆಟ್ಟದ ಕಡೆಯ ಗಾಳಿಯದು ಆಗಲೇ ಹೊಟ್ಟೆ ತುಂಬಿದ ಸಂಗತಿ. ಅದು ಕುಡಿಯುವುದಿಲ್ಲ, ತಂಪೂ ಕೊಡುವುದಿಲ್ಲ. ಈ ಶಾಸ್ತ್ರ ಸಿದ್ಧಿಸಿದ್ದು ಒಂದು ಮುಖಭಂಗದ ನಂತರ. ತರೀಕೆರೆಯ ಶ್ರೀಮಂತರೊಬ್ಬರ ಮನೆಗೆ ಡಬ್ಬ ಕಟ್ಟಿ ಬಂದ ವಾರಕ್ಕೇ ಮುಂಗಾರಿಗೆ ಮೊದಲಿನ ಮಳೆಗಳು ಹಿಡಿದು, ಹಾಸಿಗೆ ದಿಂಬೆಲ್ಲ ಹಸಿಹಸಿಯಾಗಿ, ಆ ಮನೆಯವರು ಬಸ್ಸಿನ ಕಂಡಕ್ಟರನ ಕೈಲಿ ಬೈಗುಳ ಹೇಳಿ ಕಳಿಸಿದರು. ದೇವೀರಪ್ಪನವರು ಮಾರನೆಯ ದಿನವೇ ಹೋಗಿ ಡಬ್ಬವನ್ನು ಬಿಚ್ಚಿ ಹೊತ್ತು ತಂದರು. ಹಾಗೆಂದು ಎಲ್ಲ ತಪ್ಪನ್ನೂ ಒಪ್ಪಿಕೊಳ್ಳುವ ಆಸಾಮಿಯಲ್ಲ. ಕೂಲರ್ ಹಾಕಿಸಿಕೊಂಡ ಜವಳಿ ರಂಗಪ್ಪ, ತಂಪು ಬೀದಿಗೆ ಸೋರಿಹೋದೀತೆಂದು ಮಿಕ್ಕ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ‘ಒಳಗೆ ಬೆಂದುಹೋದ್ವಿ’ ಎಂದು ದೂರು ತಂದಾಗ ಇವರು ಅಂಗಡಿಯಲ್ಲಿ ಹತ್ತು ಜನರ ಮುಂದೆ ಅವನನ್ನು ತರಾಟೆಗೆ ತೆಗೆದುಕೊಂಡರು: “ಕಿಟಕಿ ಮುಚ್ಚಿದ್ರೆ ಅದು ಮನೆ ಅಲ್ಲ ಕಣಯ್ಯಾ, ಇಡ್ಲಿ ಪಾತ್ರೆ! ಒಳಗೆ ಬಂದ ಗಾಳಿ ಎಲ್ಲಿಗಯ್ಯಾ ಹೋಗ್ಬೇಕು, ನಿನ್ ತಲೆಯೊಳಕ್ಕಾ?”

ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ. ಲಿಂಗದಹಳ್ಳಿಯಿಂದ ಲಾವಂಚದ ಹೊರೆಯನ್ನು ಹೇರಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು; ರಜೆಯಲ್ಲಿ ಸುಮ್ಮನಿದ್ದವನನ್ನು ಹೊರೆ ಹಿಡಿಯಲು ಎಳೆದೊಯ್ದಿದ್ದರು. ಅವರು ಕಿಟಕಿಯ ಆಚೆ ನೋಡುತ್ತ ಹೇಳತೊಡಗಿದರು. ಐವತ್ತೆರಡನೆಯ ಇಸವಿ, ಮದುವೆಯಾಗಿ ಎರಡು ವರ್ಷ, ಮೊದಲನೆಯ ಗಂಡು ಕೂಸಿಗೆ ಇಪ್ಪತ್ತು ದಿನ. ಆಗ ಅವರಿಗಿದ್ದದ್ದು ಊರಾಚೆಯ ಒಂದು ಬಂಗಲೆಯಲ್ಲಿ, ಕ್ಯಾಂಪು ಬರುವ ದೊಡ್ಡವರ ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ದಿನವಿಡೀ ನೀರು ಎರಚುವ ಕೆಲಸ. “ಅವತ್ತು ಬೆಂಕಿ ಬಿಸ್ಲು. ನಾನು ಬೆಳಗಿಂದ ನೀರು ಹಾಕ್ದೆ. ಒಳಗೆ ಸಾಹೇಬ್ರು ಶಾಲು ಹೊದ್ಕಂಡು ಮಲಗಿದ್ರು ಕಣ್ರೀ, ಶಾಲು! ಸಂಜೆ ಮನೆಗೆ ಬಂದ್ರೆ ಬಾಣಂತಿ ಕೋಣೆ ಬಾಗ್ಲು ಕಿಟಕಿ ಎಲ್ಲಾ ಮುಚ್ಚಿ ಒಳಗೆ ಕೆಂಡ ಇಟ್ಟವ್ರೆ. ಗೋಡೆ ಮುಟ್ಟಿದೆ. ಕೂಸಿನ ಹಣೆ ಮುಟ್ಟಿದೆ. ಎರಡೂ ಒಂದೇ ಇತ್ತು.” ಅವರು ಕಿಟಕಿಯನ್ನು ತೆರೆದಿಟ್ಟರು. ಬೆಳಗಾಗುವಷ್ಟರಲ್ಲಿ ಕೂಸು ಹೋಯಿತು.

ಇದರ ಇನ್ನೊಂದು ಪಾಠ ನನಗೆ ಮೊದಲೇ ಗೊತ್ತಿತ್ತು. ಅವರ ಹೆಂಡತಿ ತೀರ್ಥಮ್ಮನವರು ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ನನ್ನ ಮನೆಯಾಕೆಯ ಮುಂದೆ ಅಂದಿದ್ದರು: “ಕೆಂಡದ ಬೆಚ್ಚಗೆ ಚೆನ್ನಾಗಿತ್ತು ನನ್ ಕೂಸು. ಇವ್ರು ಬಂದು ಕಿಟಕಿ ತೆಗದ್ರು, ಗಾಳಿ ತಾಗ್ತು, ಹೋಗ್ಬಿಡ್ತು.” ಗಂಡನ ಪ್ರಕಾರ ಕೂಸನ್ನು ಕೊಂದದ್ದು ಸೆಕೆ, ಹೆಂಡತಿಯ ಪ್ರಕಾರ ಗಾಳಿ. ಅಯ್ಯೋ, ಒಂದೇ ದುಃಖವನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಹೊರಿಸಿ, ಆ ಮಾತನ್ನು ಮಾತ್ರ ಪರಸ್ಪರ ಬಾಯಿಬಿಟ್ಟು ಆಡದೆ, ಉಪ್ಪು ಹುಳಿ ಖಾರದ ನೂರು ನೆವಕ್ಕೆ ಜಗಳವಾಡುತ್ತ ಮೂವತ್ತು ವರ್ಷ ಒಂದೇ ಸೂರಿನಡಿ ಕಳೆದಿದ್ದರು.

ಹೀಗಿರುವಲ್ಲಿ ಎಂಬತ್ತಮೂರರ ಬೇಸಿಗೆ ಬಂತು. ಮಳೆ ಕೈಕೊಟ್ಟ ವರ್ಷ. ನಲ್ಲಿ ಎರಡು ದಿನಕ್ಕೊಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು, ಬಾವಿಯಲ್ಲಿ ಕೊಡ ಇಳಿಸಿದರೆ ಮಣ್ಣು ಬರುತ್ತಿತ್ತು. ಮೊದಲ ಕೂಸು ಹೋಗಿ ಹತ್ತು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಪ್ರೇಮ ಆ ಏಪ್ರಿಲ್ಲಿನಲ್ಲಿ ತವರಿಗೆ ಬಂದು ಹೆತ್ತಳು. ಗಂಡು ಕೂಸು. ಬಾಣಂತಿಯನ್ನು ಕೂರಿಸಿದ್ದು, ಅವಳ ಮದುವೆಗೆಂದು ದೇವೀರಪ್ಪನವರು ಹೆಮ್ಮೆಯಿಂದ ಕಟ್ಟಿಸಿದ ತಾರಸಿಯ ಕೋಣೆಯಲ್ಲಿ. ಊರ ಗೋಡೆಗಳ ವೈದ್ಯ ತನ್ನ ಮನೆಗೇ ಪಡುವಣಕ್ಕೆ ಮುಖ ಮಾಡಿದ ಕಾಂಕ್ರೀಟು ಹಾಕಿಸಿದ್ದ! ನಾಲ್ಕು ಜನರ ಮುಂದೆ ಮಗಳ ಮದುವೆ ಎಂದಾಗ ಶಾಸ್ತ್ರವೆಲ್ಲ ಮರೆತುಹೋಗುತ್ತದೆ ನೋಡಿ.

ಆ ಕೋಣೆಗಾಗಿ ಅವರು ತಮ್ಮ ಜನ್ಮದ ಅತ್ಯುತ್ತಮ ಕೂಲರನ್ನು ಮಾಡಿದರು. ಸದ್ದಿಲ್ಲದ ಫ್ಯಾನು, ಬೆರಳು ದಪ್ಪದ ಲಾವಂಚ, ಹಸಿರು ಬಣ್ಣ. ಅದನ್ನು ಹೊತ್ತು ತಂದಾಗ ತೀರ್ಥಮ್ಮನವರು ಕಿಟಕಿಯ ಮುಂದೆ ನಿಂತಿದ್ದರು. ಒಳಗೆ ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಉಣ್ಣೆಯ ಬಟ್ಟೆ ಸುತ್ತಿ ಕೂತಿದ್ದಳು. ಮಂಚದ ಕೆಳಗೆ ಅಗ್ಗಿಷ್ಟಿಕೆ. ಕಿಟಕಿಯ ಸಂದುಗಳಿಗೆ ಹಳೆಯ ಸೀರೆಯ ತುಂಡು ತುರುಕಿತ್ತು.

“ಬಾಣಂತಿಗೆ ಗಾಳಿ ತಾಗಿ ಸನ್ನಿ ಹಿಡಿದ್ರೆ ಯಾರ್ರೀ ಹೊಣೆ?”

“ಕೂಸು ಬೇಯ್ತಾ ಐತೆ ಕಣೇ!”

“ಒಂದನ್ನ ನೀವು ಕಿಟಕಿ ತೆಗ್ದು ಕಳ್ಕೊಂಡಿದ್ದು ಸಾಕು.”

ಮೂವತ್ತು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತು ಹೊರಬಿದ್ದಿತ್ತು. ದೇವೀರಪ್ಪನವರ ನಾಲಗೆಯ ತುದಿಗೂ ಅದಕ್ಕೆ ತಕ್ಕ ಮಾತು ಬಂದಿತ್ತೆಂಬುದು ನನಗೆ ಕಾಣುತ್ತಿತ್ತು. ಅದನ್ನು ನುಂಗಿಕೊಂಡು ಹಸಿರು ಡಬ್ಬವನ್ನು ಜಗುಲಿಯ ಮೇಲಿಟ್ಟು ಹಿತ್ತಿಲಿಗೆ ಹೋದರು. ನಾನು ನಡುವೆ ಬಾಯಿ ಹಾಕಿ, ನನ್ನ ಮಾಳಿಗೆಯ ಕೋಣೆಗೇ ಬಾಣಂತಿಯನ್ನು ಕರೆತರಲಿ, ನಾವು ಎಲ್ಲಾದರೂ ಇರುತ್ತೇವೆ ಎಂದೆ. ತೊಟ್ಟಿಲು ಕಟ್ಟಿದ ಕೋಣೆಯನ್ನು ಮೂರು ತಿಂಗಳು ಬದಲಿಸುವ ಪದ್ಧತಿ ತಮ್ಮಲ್ಲಿಲ್ಲ ಎಂದು ತೀರ್ಥಮ್ಮನವರು ಆ ದಾರಿಯನ್ನೂ ಮುಚ್ಚಿದರು.

ಎರಡು ದಿನ ಹಾಗೇ ನಡೆಯಿತು. ದೇವೀರಪ್ಪನವರು ಅಂಗಡಿ ತೆರೆಯಲಿಲ್ಲ. ಕೋಣೆಯ ಹೊರಗೋಡೆಯನ್ನು ಗಳಿಗೆಗೊಮ್ಮೆ ಹೋಗಿ ಮುಟ್ಟುವರು, ಕೈ ಕೊಡವಿಕೊಂಡು ಬರುವರು, ಮತ್ತೆ ಹೋಗುವರು. ಅವರ ಚಪ್ಪಲಿಯ ಪಟಪಟ ಸದ್ದಿಗೆ ನಮಗೆಲ್ಲ ತಲೆ ಚಿಟ್ಟುಹಿಡಿಯಿತು. ಒಳಗೆ ಕೂಸಿನ ಮೈತುಂಬ ಬೆವರುಸಾಲೆ. ಮೊದಲ ದಿನ ಕಿರುಚಿ ಅತ್ತಿತು; ಮರುದಿನ ಅಳು ಸಣ್ಣದಾಯಿತು; ಮಧ್ಯಾಹ್ನದ ಹೊತ್ತಿಗೆ ಮೊಲೆ ಬಾಯಿಗಿಟ್ಟರೂ ಚೀಪಲಾರದೆ ತಲೆ ವಾಲಿಸಿತು. ಬಂದ ಡಾಕ್ಟರು ಕುಲಾವಿ ಬಿಚ್ಚಿಸಿ, ಅಗ್ಗಿಷ್ಟಿಕೆ ಹೊರಗಿಡಿಸಿ, ಚಮಚದಲ್ಲಿ ಹಾಲು ಹಾಕಿಸಿ, “ಕೋಣೆ ತಣ್ಣಗಿರ್ಬೇಕು ಕಣಮ್ಮಾ, ಇಲ್ದಿದ್ರೆ ಕಷ್ಟ” ಎಂದು ಹೇಳಿಹೋದರು. ಅಷ್ಟಕ್ಕೆ ತೀರ್ಥಮ್ಮನವರು ಹೆದರಿ ಒಪ್ಪಿದರು. ಕಿಟಕಿಯ ಮಾತೆತ್ತಿದರೆ ಮಾತ್ರ ಅದರ ಮುಂದೆ ಹೋಗಿ ಅಡ್ಡ ನಿಲ್ಲುವರು. “ಗಾಳಿ ಒಂದು ಬ್ಯಾಡ ಕಣ್ರೀ, ನಿಮ್ ಕಾಲಿಗೆ ಬೀಳ್ತೀನಿ” ಎಂದರು. ಹಟವಲ್ಲ ಅದು, ಭಯ.

ಆಗ ನಾನು ಕಂಡದ್ದನ್ನು ಹೇಳಬೇಕು. ಎಂದೂ ಕೂರದ ಮನುಷ್ಯ ಬಚ್ಚಲ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಎರೆಯುವ ಈರಕ್ಕ ಬಾಣಂತಿಗೆ ಹಂಡೆ ಹಂಡೆ ನೀರು ಹುಯ್ಯುತ್ತಿದ್ದಳು. ಊರಿಗೆ ಕುಡಿಯಲು ನೀರಿಲ್ಲದಿದ್ದರೂ ಬಾಣಂತಿಯ ಎರಡು ಹಂಡೆಗೆ ಚ್ಯುತಿ ಬಾರದಂತೆ ನೆರೆಹೊರೆಯವರು ಒಂದೊಂದು ಕೊಡ ತಂದು ಸುರಿಯುತ್ತಿದ್ದರು. ಆ ನೀರು ತೂಬಿನಿಂದ ಹೊಗೆಯಾಡುತ್ತ ಹರಿದು ಹಿತ್ತಿಲ ಮಣ್ಣಿನಲ್ಲಿ ಇಂಗಿಹೋಗುವುದನ್ನೇ ದೇವೀರಪ್ಪನವರು ನೋಡಿದರು, ನೋಡಿದರು, ಧಡಕ್ಕನೆ ಎದ್ದರು. ನಾನು ಕಂಡ ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಆ ಖಾಕಿ ಕೋಟನ್ನು ಬಿಚ್ಚಿ ಗೂಟಕ್ಕೆ ಹಾಕಿದರು.

“ತೀರ್ಥಾ, ಗಾಳಿ ತಾಗ್ಬಾರ್ದು, ಅಷ್ಟೇ ತಾನೇ? ಗಾಳಿ ತಾಗಲ್ಲ. ಕಿಟಕಿ ನೀನೇ ಮುಚ್ಕೋ, ಚಿಲ್ಕ ಹಾಕ್ಕೋ. ಗೋಡೆ ನಂಗ್ ಬಿಡು.”

ತೂಬಿನ ಬಾಯಿಗೆ ಸಿಮೆಂಟಿನ ತೊಟ್ಟಿ ಬಂತು. ಪಂಚನಹಳ್ಳಿಯ ತೆಂಗಿನ ನಾರನ್ನು ಗೋಣಿಚೀಲಗಳಿಗೆ ತುಂಬಿ ತಾರಸಿಯ ಮೇಲೆ ಒಂದಿಂಚೂ ಬಿಡದೆ ಹಾಸಿದೆವು. ಪಡುವಣ ಗೋಡೆಗೆ ಇಳಿಬಿಡಲು ತಟ್ಟಿ ಸಾಲಲಿಲ್ಲ. ಅಂಗಡಿಯಲ್ಲಿದ್ದುದನ್ನೆಲ್ಲ ಊರಿನವರು ಆಗಲೇ ಒಯ್ದಿದ್ದರು. ದೇವೀರಪ್ಪನವರು ಜಗುಲಿಯ ಮೇಲಿದ್ದ ಹಸಿರು ಕೂಲರನ್ನು ಒಮ್ಮೆ ಸವರಿ, ಅದರ ಮೂರು ತಟ್ಟಿಗಳನ್ನೂ ಕಿತ್ತು ತಂದು ಗೋಡೆಗೆ ಕಟ್ಟಿದರು. ಇನ್ನು ನೀರು. ಆರಿದ ಎರೆದ ನೀರನ್ನು ಕೊಡಪಾನಕ್ಕೆ ತುಂಬಲು ಬಗ್ಗಿದಾಗ ಈರಕ್ಕ ಹೌಹಾರಿದಳು.

“ಅಯ್ಯಯ್ಯೋ ಯಜಮಾನ್ರೇ, ಬಾಣಂತಿ ಮೈ ತೊಳ್ದ ನೀರು, ತುಳೀಬಾರ್ದು!”

“ನಾನೆಲ್ಲಿ ತುಳೀತೀನಿ ಈರಕ್ಕಾ? ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ.”

ಹಾಗೆಯೇ ಹೊತ್ತರು. ಅರವತ್ತರ ಹತ್ತಿರದ ಮನುಷ್ಯ, ಏಣಿಯ ಹನ್ನೆರಡು ಮೆಟ್ಟಿಲು, ತುಂಬಿದ ಕೊಡಪಾನ. ಕೆಳಗಿನಿಂದ ಎತ್ತಿಕೊಡುವ ನನಗೇ ತೋಳು ಬಿದ್ದುಹೋಗುವಂತಾಯಿತು. ಬೈದುಕೊಂಡೇ ಎತ್ತಿಕೊಟ್ಟೆ, ಸುಳ್ಳೇಕೆ ಹೇಳಲಿ. ಸುರಿದ ನೀರನ್ನು ಯಗಟಿಯ ಗಾಳಿ ಕುಡಿದೇ ಕುಡಿಯಿತು. ಗೋಣಿ ಒಣಗುವಷ್ಟರಲ್ಲಿ ಮತ್ತೆ ಕೊಡಪಾನ, ತಟ್ಟಿ ಹಗುರಾಗುವಷ್ಟರಲ್ಲಿ ಮತ್ತೆ ಕೊಡಪಾನ. ಎರೆದ ನೀರು ಮುಗಿದರೆ ಅಕ್ಕಿ ತೊಳೆದ ನೀರು, ಅದೂ ಮುಗಿದರೆ ಮುಖ ತೊಳೆದ ನೀರು. ಹೀಗೆ ಮೂರು ಹಗಲು. ಗೋಣಿ ಹಾಸುವಾಗ ಸುಡುವ ತಾರಸಿ ತುಳಿದದ್ದಕ್ಕೆ ಅವರ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

ಮೂರನೆಯ ದಿನ ಹೊತ್ತು ಇಳಿಯುವ ಸಮಯದಲ್ಲಿ ಒಳಗಿನಿಂದ ಕೂಸು ಅತ್ತಿತು. ಸಣ್ಣ ಅಳುವಲ್ಲ, ಹಸಿದು ರಂಪ ಮಾಡುವ ಅಳು. ಆಮೇಲೆ ಥಟ್ಟನೆ ನಿಂತಿತು. “ಕುಡೀತಾವ್ನೆ ಕಣ್ರಪ್ಪೋ, ಗಟಗಟ ಕುಡೀತಾವ್ನೆ!” ಎಂದು ಈರಕ್ಕ ಒಳಗಿನಿಂದಲೇ ಕೂಗಿದಳು. ದೇವೀರಪ್ಪನವರು ಏಣಿಯ ಕೊನೆಯ ಮೆಟ್ಟಿಲ ಮೇಲೆ ಖಾಲಿ ಕೊಡಪಾನವನ್ನು ಅವುಚಿಕೊಂಡು ನಿಂತರು. ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ತೀರ್ಥಮ್ಮನವರು ಹೊರಗೆ ಬಂದರು. ಯಾರನ್ನೂ ನೋಡಲಿಲ್ಲ. ಒದ್ದೆ ತಟ್ಟಿಯನ್ನು ಸರಿಸಿ, ಬಲಗೈಯನ್ನು ಮಗುಚಿ, ಊರೆಲ್ಲ ಗೇಲಿ ಮಾಡುತ್ತಿದ್ದ ಗಂಡನ ಆ ಅಭ್ಯಾಸದಂತೆಯೇ ಕೈಯ ಹಿಂಬದಿಯನ್ನು ಗೋಡೆಗೊತ್ತಿ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು:

“ಅವತ್ತೂ ಹಿಂಗೇ ಮಾಡಿದ್ರೆ ಆ ಕೂಸು ಉಳೀತಿತ್ತೇನ್ರೀ?”

ನಾನು ದೇವೀರಪ್ಪನವರನ್ನು ನೋಡಿದೆ. ಮೂವತ್ತು ವರ್ಷ ಈ ಒಂದು ಮಾತಿಗಾಗಿ ಕಾದ ಮನುಷ್ಯ. ಹೌದು ಎಂದರೆ ಸಾಕಿತ್ತು. ಮೊನ್ನೆ ಕಿಟಕಿಯ ಹತ್ತಿರ ಕೇಳಿದ ಮಾತಿಗೂ ಉತ್ತರವಾಗುತ್ತಿತ್ತು. ಸೆಕೆಯ ವಿಷಯದಲ್ಲಿ ಸತ್ತ ಮನೆಯಲ್ಲೂ ಸುಮ್ಮನಿರದಿದ್ದ ನಾಲಗೆ ಅದು.

“ಇಲ್ಲ ಕಣೇ,” ಎಂದರು. “ಆ ಕೂಸಿನ ಆಯಸ್ಸೇ ಅಷ್ಟಿತ್ತು. ನೀನೂ ಅಲ್ಲ, ನಾನೂ ಅಲ್ಲ.” ಅಷ್ಟು ಹೇಳಿ, ಕೊಡಪಾನವನ್ನು ನನ್ನ ಕಡೆ ಇಳಿಬಿಟ್ಟು, “ಏನ್ ನೋಡ್ತಾ ನಿಂತ್ರಿ ಮೇಷ್ಟ್ರೇ, ತುಂಬ್ಸಿ ಕೊಡಿ, ಗೋಣಿ ಒಣಗ್ತಾವೆ” ಎಂದು ಗದರಿದರು.

ಮರುವರ್ಷ ನನಗೆ ವರ್ಗವಾಯಿತು. ಆಮೇಲೆ ಅನೇಕ ಊರುಗಳಲ್ಲಿ ಅವರ ಜಾತಿಯ ಚಡಪಡಿಕೆಯವರನ್ನು ಕಂಡಿದ್ದೇನೆ: ಕೆರೆಯ ದಡದಲ್ಲಿ ಆಡುವ ಪರರ ಮಕ್ಕಳನ್ನು ದಿನವೂ ಗದರಿಸಿ ಅಟ್ಟುವವರು, ಯಾರದೋ ಮನೆಯ ಒಲೆ ಆರಿದೆಯೇ ಎಂದು ಇಣುಕಿ ನೋಡುವವರು. ನಾವು ಅವರನ್ನು ಅಧಿಕಪ್ರಸಂಗಿಗಳೆಂದು ನಗುತ್ತೇವೆ, ವಾಸನೆ ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಅವರ ಕೈಗೆ ಎಂದೋ ಒಂದು ಗೋಡೆಯ ಬಿಸಿ ತಾಗಿರುತ್ತದೆ. ಅದು ಆರುವುದಿಲ್ಲವೆಂದೇ ಅವರು ಕಂಡವರ ಗೋಡೆಗಳಿಗೆಲ್ಲ ನೀರು ಹುಯ್ಯುತ್ತ ಓಡಾಡುತ್ತಾರೆ. ಆದರೆ ಆ ಬಿಸಿಯನ್ನು ಮಾತ್ರ, ಪಕ್ಕದಲ್ಲಿ ಬದುಕಿದವರು ತಾವಾಗಿ ಕೈ ಚಾಚಿ ಕೇಳಿದರೂ, ಅವರ ಕೈಗೆ ದಾಟಿಸುವುದಿಲ್ಲ.